ಎಲ್ಲರ ಬಾಯಲ್ಲೂ ಒಬ್ಬರೇ ಅಪ್ಪ

ಮಾಗಡಿ ಬಸ್ ಸ್ಟ್ಯಾಂಡಿನಿಂದ ಕೋಟೆ ಕಡೆಗೆ ನಡೆದರೆ ಆಗ ಒಂದು ಹಿಟ್ಟಿನ ಮಿಲ್ಲು ಸಿಗುತ್ತಿತ್ತು. ಅದರ ಮೇಲಿನ ರೂಮಿನಲ್ಲಿ ಉಮಾಮಹೇಶ್ವರಿ ಟೀಚರು ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದರು. ಕೆಳಗೆ ರಾಗಿ ಬೀಸುತ್ತಿದ್ದರು, ಮೇಲೆ ಇಂಗ್ಲಿಷ್ ಬೀಸುತ್ತಿದ್ದರು. ಯಾವುದರ ಸದ್ದು ಜಾಸ್ತಿ ಎಂದು ಕೇಳಿದರೆ ಬೀದಿಯವರು ಮೇಲಕ್ಕೇ ಕೈ ತೋರಿಸುತ್ತಿದ್ದರು.

ಬಿಡದಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಐಟಿಐ ಮುಗಿಸಿದ ಹುಡುಗರು, ಬಿಎ ಮುಗಿಸಿದ ಹುಡುಗಿಯರು ಎಲ್ಲರಿಗೂ ಕೆಲಸ ಗೊತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ. ಇಂಟರ್‌ವ್ಯೂನಲ್ಲಿ ಕೂರಿಸಿದ ತಕ್ಷಣ ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಎಂದರೆ ಆಯಿತು, ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಹತ್ತು ವರ್ಷ ಸ್ಕೂಲಿನಲ್ಲಿ ಅಗಿದರೂ ನುರಿಯದ ಕಬ್ಬಿಣದ ಕಡಲೆ ಅದು.

ಟೀಚರಿಗೆ ಒಂದು ಚಟವಿತ್ತು. ಪಾಠ ಮಾಡುತ್ತ ಮಾಡುತ್ತ ಮಕ್ಕಳ ಬಾಯಿಯನ್ನೇ ನೋಡುತ್ತಿದ್ದರು. ಪ್ರಶ್ನೆ ಕೇಳಿದೊಡನೆ ತುಟಿ ಮೊದಲು ಕನ್ನಡದಲ್ಲಿ ಅಲ್ಲಾಡುತ್ತದೆ, ಆಮೇಲೆ ಕಣ್ಣು ಸೂರಿಗೆ ಹೋಗುತ್ತದೆ, ಅಲ್ಲಿಂದ ಒಂದೊಂದೇ ಇಂಗ್ಲಿಷ್ ಪದವನ್ನು ಇಳಿಸಿಕೊಳ್ಳುತ್ತದೆ. ಯಾವ ಮಾತಿಗೆ ಯಾರು ತಡವರಿಸುತ್ತಾರೆ, ಯಾರು ಅರ್ಥ ಗೊತ್ತಿಲ್ಲದೆಯೂ ಸರಾಗ ಒಪ್ಪಿಸುತ್ತಾರೆ, ಎಲ್ಲ ಅವರಿಗೆ ಗೊತ್ತಿತ್ತು. ಈ ವಿಷಯವನ್ನೇ ಯೂನಿವರ್ಸಿಟಿಯಲ್ಲಿ ಓದಬೇಕೆಂಬ ಆಸೆ ಒಂದು ಕಾಲಕ್ಕೆ ಇತ್ತು. ತಾಯಿಯ ಕಾಯಿಲೆ, ತಮ್ಮಂದಿರ ಮದುವೆ, ಅದು ಇದು ಎನ್ನುವಷ್ಟರಲ್ಲಿ ತಲೆಗೂದಲು ನೆರೆತಿತ್ತು. ಮದುವೆಯಾಗಲಿಲ್ಲ.

ಮಕ್ಕಳಿಗೆ ಧೈರ್ಯ ಬರಲಿ ಎಂದು ಟೀಚರು ಮಾದರಿಗೊಂದು ಸ್ವಪರಿಚಯ ಬರೆದುಕೊಟ್ಟಿದ್ದರು. ಹೊಸದಾಗಿ ಏನು ಬರೆಯುವುದು ಎಂದು ತಮ್ಮದನ್ನೇ ಬರೆದಿದ್ದರು. ನಮ್ಮ ತಂದೆ ಸರಳ, ಪ್ರಾಮಾಣಿಕ ಮನುಷ್ಯ. ಒಂದು ಸಣ್ಣ ಅಂಗಡಿ ನಡೆಸುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ದುಡಿಯುತ್ತಿದ್ದರು. ನನಗೆ ಹತ್ತು ವರ್ಷವಾದಾಗ ತೀರಿಕೊಂಡರು. ಆದರೂ ನಾನು ಧೈರ್ಯಗೆಡಲಿಲ್ಲ. ಇಷ್ಟು ಇಂಗ್ಲಿಷಿನಲ್ಲಿ. ಮಕ್ಕಳು ಅದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಒಬ್ಬರು ಸಾಲು ಹೇಳಬೇಕು, ಮಿಕ್ಕವರು ಒಟ್ಟಿಗೆ ಅದರ ಅರ್ಥ ಕೂಗಬೇಕು. ಊರಿನ ಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಯುತ್ತಿದ್ದದ್ದೇ ಹಾಗೆ.

ಮೊದಲು ಇಂಟರ್‌ವ್ಯೂಗೆ ಹೋದ ಹುಡುಗಿಗೆ ಅದನ್ನೇ ಒಪ್ಪಿಸಿ ಕೆಲಸ ಸಿಕ್ಕಿಬಿಟ್ಟಿತು. ಮುಗಿಯಿತಲ್ಲ. ಅದು ಕೈಗುಣದ ಮದ್ದಾಯಿತು. ನಿಮ್ಮ ನಿಮ್ಮ ಮನೆಯ ವಿಚಾರ ಹಾಕಿಕೊಳ್ಳಿ ಎಂದು ಟೀಚರು ಹೇಳಿದರೆ ಮಕ್ಕಳು ಹೂಂ ಎನ್ನುತ್ತಿದ್ದರು, ಹಾಕಿಕೊಳ್ಳುತ್ತಿರಲಿಲ್ಲ. ಒಂದು ಪದ ಕಿತ್ತರೆ ಪೂರ್ತಿ ಮರೆತುಹೋಗುತ್ತದೆಂಬ ಭಯ. ಮಿಸ್ ಬರೆದ ಇಂಗ್ಲಿಷಿಗೆ ತಮ್ಮ ಮುರುಕಲು ಪದ ಸೇರಿಸಿ ಯಾಕೆ ಕೆಡಿಸಬೇಕು ಎಂಬ ಮರ್ಯಾದೆ ಬೇರೆ.

ಟೀಚರೂ ಒತ್ತಾಯ ಮಾಡಲಿಲ್ಲ. ಅದಕ್ಕೆ ಕಾರಣ ಅವರೊಬ್ಬರಿಗೇ ಗೊತ್ತಿತ್ತು. ಮನೆಯಲ್ಲಿ ಅಪ್ಪನ ಸುದ್ದಿ ಎತ್ತುವವರು ಯಾರೂ ಉಳಿದಿರಲಿಲ್ಲ. ತಾಯಿ ಹೋದ ಮೇಲೆ ಪಂಚಾಕ್ಷರಯ್ಯ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಮ್ಮಂದಿರಿಗೆ ಅಪ್ಪನ ನೆನಪೇ ಇಲ್ಲ. ಸಂಜೆಯಾದರೆ ಮಾತ್ರ ಆ ರೂಮಿನಲ್ಲಿ ಎಲ್ಲರೂ ಒಟ್ಟಿಗೆ, ಹೊರಗಿನ ಬೀದಿಗೆ ಕೇಳುವಂತೆ, ನಮ್ಮ ತಂದೆ ಪ್ರಾಮಾಣಿಕ ಮನುಷ್ಯ ಎಂದು ಕೂಗುತ್ತಿದ್ದರು. ಟೀಚರು ಕಿಟಕಿ ಹತ್ತಿರ ನಿಂತು ಕೇಳುತ್ತಿದ್ದರು. ಅಷ್ಟಕ್ಕಾಗಿಯೇ ಅವರು ದಿನವಿಡೀ ಕಾಯುತ್ತಿದ್ದರು.

ಆ ಸಲ ಬಿಡದಿಯ ಒಂದು ಬಿಡಿಭಾಗದ ಕಾರ್ಖಾನೆಯವರು ಇಂಟರ್‌ವ್ಯೂ ಕರೆದರು. ಕ್ಲಾಸಿನ ಹುಡುಗರೆಲ್ಲ ಒಂದೇ ಬಸ್ಸಿನಲ್ಲಿ ಹೋದರು. ಅವರಲ್ಲಿ ಲೋಕೇಶ ಎಂಬುವನ ಜೊತೆಗೆ ಅವನ ಅಪ್ಪ ಸಿದ್ದಯ್ಯ, ಹೊಲದ ಕೆಲಸ ಬಿಟ್ಟು, ಬುತ್ತಿ ಕಟ್ಟಿಸಿಕೊಂಡು ಬಂದಿದ್ದರು. ಮೂವರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಮಗ. ಒಬ್ಬನನ್ನೇ ಬಿಡಲು ಮನಸ್ಸಾಗಿರಲಿಲ್ಲ. ಗೇಟಿನ ಆಚೆ ಹೊಂಗೆ ಮರದ ಕೆಳಗೆ ಕೂತರು.

ಒಳಗೆ ಮೊದಲನೆಯ ಹುಡುಗ ಅಪ್ಪ ತೀರಿಕೊಂಡದ್ದನ್ನು ಹೇಳಿದಾಗ ಆಫೀಸರು ಪಾಪ ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರಂತೆ. ಎರಡನೆಯವನ ಅಪ್ಪನೂ ಮಗನ ಹತ್ತನೇ ವಯಸ್ಸಿಗೇ ಹೋಗಿದ್ದರು. ಮೂರನೆಯವನದೂ ಅದೇ ಅಂಗಡಿ, ಅದೇ ಸಾವು. ಮಾಗಡಿಯಲ್ಲಿ ಗಂಡಸರೇ ಉಳಿದಿಲ್ಲವೇನೋ ಎಂಬ ಅನುಮಾನ ಆಫೀಸರಿಗೆ ಬಂದಿರಬೇಕು. ಲೋಕೇಶ ಪೂರ್ತಿ ಒಪ್ಪಿಸಿ ಉಸಿರು ಬಿಟ್ಟ ಮೇಲೆ, ಜೊತೆಗೆ ಯಾರು ಬಂದಿದ್ದಾರೆ ಎಂದು ಕನ್ನಡದಲ್ಲಿ ಕೇಳಿದರು. ಅವನು ಸುಳ್ಳು ಹೇಳುವ ಹುಡುಗನೇ ಅಲ್ಲ.

“ನಮ್ಮಪ್ಪ ಬಂದವ್ರೆ ಸಾ. ಗೇಟ್ ತಾವ್ ಕುಂತವ್ರೆ” ಎಂದ.

ಎಲ್ಲರನ್ನೂ ಎಬ್ಬಿಸಿ ಕಳಿಸಿದರು. ಬೈಯಲಿಲ್ಲ. ಮುಂದಿನ ತಿಂಗಳು ಇನ್ನೊಂದು ಸಲ ಕರೆಯುತ್ತೇವೆ, ಅಷ್ಟರಲ್ಲಿ ನಿಮ್ಮ ನಿಮ್ಮ ಅಪ್ಪಂದಿರನ್ನು ಹುಡುಕಿಕೊಂಡು ಬನ್ನಿ ಎಂದರಂತೆ.

ಮಾರನೆಯ ದಿನ ಸಿದ್ದಯ್ಯ ಮಿಲ್ಲಿನ ಮೆಟ್ಟಿಲು ಹತ್ತಿ ಬಂದರು. ಜಗಳಕ್ಕೇ ಬಂದರು ಎಂದು ಟೀಚರು ಎದ್ದು ನಿಂತರು. ಸಿದ್ದಯ್ಯ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಬಾಗಿಲ ಬಳಿಯೇ ಕೂತರು.

“ಅಲ್ಲ ಮೇಡಮ್ಮೋರೆ, ಮನೇಲಿ ಅವ್ನು ದಿನಾ ಅದ್ನ ಓದೋನು, ನಾನು ಎದುರ‍್ಗೇ ಕುಂತು ಕೇಳೋನು. ಮಗ ಎಷ್ಟ್ ಚೆಂದಾಗ್ ಯೋಳ್ತಾನೆ ಅಂತ ಹಿಗ್ತಿದ್ದೆ. ನಾನ್ ಸತ್ತೋಗಿರೋದ್ ನಂಗೇ ಗೊತ್ತಾಗ್ನಿಲ್ಲ” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಆ ಇಂಗ್ಲೀಷ್ನಾಗೆ ನನ್ನ ಒಸಿ ಬದುಕ್ಸಕಾಯ್ತದಾ?” ಎಂದು ಕೇಳಿದರು.

ಟೀಚರಿಗೆ ನೆಲ ಬಿರಿಯಬಾರದೇ ಅನ್ನಿಸಿತು. ತನ್ನ ಅಪ್ಪನ ಸುದ್ದಿ ಕೇಳುವ ಆಸೆಗೆ ಈ ಮಕ್ಕಳ ಅಪ್ಪಂದಿರನ್ನೆಲ್ಲ ಕೊಂದುಹಾಕಿದ್ದಾಗಿತ್ತು. ಆ ಪಾಠ ಇನ್ನು ಬೇಡ ಎಂದು ಅವತ್ತೇ ಹೇಳಿದರು. ಅಪ್ಪ ಎರಡನೇ ಸಲ ಮನೆಯಿಂದ ಹೊರಟ ಹಾಗಾಯಿತು.

ಅಲ್ಲಿಂದ ಹೊಸ ಪದ್ಧತಿ. ಮೊದಲು ನಿಮ್ಮ ಮನೆಯ ಮಾತನ್ನು ಮನೆಯ ಭಾಷೆಯಲ್ಲೇ ಹೇಳಿ, ಇಂಗ್ಲಿಷಿಗೆ ಆಮೇಲೆ ಹೋಗೋಣ ಎಂದರು. ಶುರುವಿಗೆ ಎಲ್ಲರಿಗೂ ನಾಚಿಕೆ. ನಮ್ಮಪ್ಪ ಹೊಲ ಉಳ್ತಾರೆ ಎಂದು ಕೂತುಬಿಡುತ್ತಿದ್ದರು, ಅದಕ್ಕಿಂತ ಹೆಚ್ಚು ಅಪ್ಪಂದಿರಲ್ಲಿ ಏನಿರುತ್ತದೆ ಎನ್ನುವ ಹಾಗೆ. ಟೀಚರು ಬಿಡಲಿಲ್ಲ, ಕೆದಕಿದರು. ಆಮೇಲೆ ಒಂದೊಂದಾಗಿ ಬಂತು. ಮುಂದಿನ ಬೆಂಚಿನ ಪುಟ್ಟಿಯ ಅಪ್ಪ ಸಿಟ್ಟು ಬಂದರೆ ದನದ ಜೊತೆ ಮಾತಾಡುತ್ತಾರಂತೆ. ಲೋಕೇಶನ ಅಪ್ಪನಿಗೆ ಮಬ್ಬಾದ ಮೇಲೆ ಕಣ್ಣು ಕಾಣುವುದಿಲ್ಲ. ಅದನ್ನು ಒಪ್ಪಿಕೊಳ್ಳದೆ ಮಗನ ಹೆಗಲ ಮೇಲೆ ಸಲಿಗೆಗೆ ಎಂಬಂತೆ ಕೈ ಹಾಕಿ ನಡೆಯುತ್ತಾರೆ. ಇದನ್ನು ಹೇಳುವಾಗ ಅವನ ತುಟಿ ಮೊದಲು ಅಲ್ಲಾಡಲಿಲ್ಲ, ಕಣ್ಣು ಸೂರಿಗೆ ಹೋಗಲಿಲ್ಲ. ಇಂಗ್ಲಿಷಿಗೆ ತಂದಾಗ ಅದು ಕುಂಟುತ್ತಲೇ ಬಂತು, ಆದರೆ ಅವನದೇ ಕಾಲಲ್ಲಿ ಬಂತು.

ಒಂದು ತಿಂಗಳಲ್ಲಿ ಎಲ್ಲರೂ ಪಂಡಿತರಾಗಲಿಲ್ಲ. ಕೆಲವರಿಗೆ ಕೆಲಸ ಆಯಿತು, ಕೆಲವರಿಗೆ ಆಗಲಿಲ್ಲ. ಲೋಕೇಶನಿಗೆ ಆಯಿತು.

ಆ ವಾರ ಸಿದ್ದಯ್ಯ ಚೀಲದ ತುಂಬ ಸೊಗಡವರೆಕಾಯಿ ತಂದರು. ಕ್ಲಾಸು ಇನ್ನೂ ಬಿಟ್ಟಿರಲಿಲ್ಲ. ಮಕ್ಕಳ ನಡುವೆ ಕೂತು, ಇವರೆಲ್ಲ ತಮ್ಮಪ್ಪನ ವಿಚಾರ ಹೇಳಿದರಂತೆ, ನಿಮ್ಮಪ್ಪಾರು ಹೆಂಗಿದ್ದರು, ನೀವೂ ಒಸಿ ಹೇಳಿ ಎಂದರು.

ಎಷ್ಟು ವರ್ಷದ ಮೇಲೆ ಯಾರೋ ಕೇಳಿದ್ದರು! ಟೀಚರ ಮುಖ ಅರಳಿತು. ಸೆರಗು ಸರಿಮಾಡಿಕೊಂಡು ಶುರು ಮಾಡಿದರು. “ನಮ್ಮ ತಂದೆ ಸರಳ ಮನುಷ್ಯರು. ಪ್ರಾಮಾಣಿಕರು. ಒಂದು ಸಣ್ಣ ಅಂಗಡಿ ನಡೆಸುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ...”

“ಮಿಸ್, ಇದು ಆ ಪಾಠ” ಎಂದಳು ಪುಟ್ಟಿ, ಮೆಲ್ಲಗೆ.

ಟೀಚರು ನಿಲ್ಲಿಸಿದರು. ಬೇರೆ ಏನಾದರೂ ಹೇಳೋಣ ಎಂದು ಹುಡುಕಿದರು. ಅಂಗಡಿ ಕಂಡಿತು, ಅಂಗಡಿಯ ಬಾಗಿಲು ಕಂಡಿತು, ಒಳಗೆ ಯಾರೂ ಇರಲಿಲ್ಲ. ಅಪ್ಪ ಹೇಗೆ ನಗುತ್ತಿದ್ದರು, ತನ್ನನ್ನು ಏನೆಂದು ಕರೆಯುತ್ತಿದ್ದರು, ಯಾವುದೂ ಬರಲಿಲ್ಲ. ದಿನವೂ ಹತ್ತಾರು ಬಾಯಲ್ಲಿ ಕೇಳಿ ಕೇಳಿ ಆ ಐದು ಸಾಲೇ ಉಳಿದು, ಮನುಷ್ಯ ಎಲ್ಲೋ ಜಾರಿಹೋಗಿದ್ದರು. ಅಪ್ಪ ಬೇಕು ಅನ್ನಿಸಿತು ಅವರಿಗೆ. ಐವತ್ತು ಹತ್ತಿರವಾದ ಹೆಂಗಸಿಗೆ, ಹತ್ತು ವರ್ಷದ ಹುಡುಗಿಗೆ ಬೇಕಾಗುವಷ್ಟೇ ಬೇಕು ಅನ್ನಿಸಿತು. ಕಣ್ಣೀರು ಬಂತು, ಮಕ್ಕಳ ಮುಂದೆಯೇ.

“ಬರ್ತಾ ಇಲ್ಲ ಸಿದ್ದಯ್ಯನವರೇ” ಎಂದರು.

ಸಿದ್ದಯ್ಯ ಎದ್ದು ಹೋಗಲಿಲ್ಲ. ನೆಲದ ಮೇಲೆ ಟವೆಲ್ಲು ಹಾಸಿ ಚೀಲದಿಂದ ಅವರೆಕಾಯಿ ಸುರಿದರು. ಒಂದು ಬೊಗಸೆ ಟೀಚರ ಮಡಿಲಿಗೆ ಹಾಕಿ, ತಾವೂ ಸುಲಿಯುತ್ತ ಕೂತರು.

“ಆತ್ರ ಪಡ್ಬ್ಯಾಡಿ ತಾಯಿ. ಕುಂತಿರಿ. ಬತ್ತಾರೆ” ಎಂದರು.

ಮಕ್ಕಳು ಯಾರೂ ಮನೆಗೆ ಹೊರಡಲಿಲ್ಲ. ಅವರೂ ಟವೆಲ್ಲಿನ ಸುತ್ತ ಕೂತು ಕಾಯಿ ಬಿಡಿಸತೊಡಗಿದರು.