ರೇಣುಕಯ್ಯ ಬುದ್ಧಿ ಹೇಳದ ದಿನ

ಹದಿಮೂರು ವರ್ಷ ಸೈಕಲ್ಲು ತುಳಿದು ರೇಣುಕಯ್ಯನ ಮಂಡಿ ಸವೆದಿತ್ತು. ಮಾತೂ ಸವೆದಿತ್ತು. ೧೯೭೧ರಲ್ಲಿ ಶಿರಾ ತಾಲ್ಲೂಕಿಗೆ ಆರೋಗ್ಯ ಸಹಾಯಕನಾಗಿ ಬಂದವನು ಅವನು. ಕ್ಷಯದ ಗುಳಿಗೆ ನಡುವೆ ಬಿಟ್ಟವರನ್ನು ಹುಡುಕಿಕೊಂಡು ಹೋಗಿ, ಮತ್ತೆ ನುಂಗುವಂತೆ ಮಾಡುವುದು ಅವನ ಕೆಲಸ. ಒಂದೂವರೆ ವರ್ಷ ದಿನಾ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ತಗ್ಗುತ್ತದೆ, ಮೂರನೆಯ ತಿಂಗಳು ಜನ ಗುಳಿಗೆ ಬಿಡುತ್ತಾರೆ. ಅವನು ಹೋಗಿ ಬುದ್ಧಿ ಹೇಳುತ್ತಿದ್ದ, ಬೈಯುತ್ತಿದ್ದ, ಹೆದರಿಸುತ್ತಿದ್ದ. ಅವರು "ಆಯ್ತು ಸಾಮಿ" ಅನ್ನುತ್ತಿದ್ದರು. ಅಷ್ಟೇ. ರಿಜಿಸ್ಟರಿನಲ್ಲಿ 'ಬಿಟ್ಟ ಕಾರಣ' ಎಂಬ ಜಾಗದಲ್ಲಿ ಅವನು ಪ್ರತಿ ಸಲ ಒಂದೇ ಮಾತು ಬರೆಯುತ್ತಿದ್ದ: ಅಸಡ್ಡೆ.

೧೯೮೪ರ ಬೇಸಿಗೆಯಲ್ಲಿ ಬೆಂಗಳೂರಿನ ಕಾಲೇಜೊಂದರಿಂದ ರಾಜಲಕ್ಷ್ಮಮ್ಮ ಎಂಬುವರು ಬಂದರು. ರೋಗಿಗಳು ಔಷಧಿ ಯಾಕೆ ಬಿಡುತ್ತಾರೆ ಎಂಬುದರ ಮೇಲೆ ಅವರ ಸಂಶೋಧನೆ. ಹತ್ತು ಫಾರಂಗಳನ್ನು ರೇಣುಕಯ್ಯನ ಕೈಗಿಟ್ಟರು.

"ಪ್ರಶ್ನೆ ಕೇಳಿ. ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರೀರಿ. ಬರೆದದ್ದನ್ನ ಅವರಿಗೇ ಓದಿ, ಸರಿಯಾ ಅಂತ ಕೇಳಿ. ಬುದ್ಧಿ ಮಾತ್ರ ಹೇಳ್ಬೇಡಿ."

"ಬುದ್ಧಿ ಹೇಳೋದೇ ನನ್ನ ಕೆಲಸ ಅಲ್ವಾ ಮೇಡಂ?"

"ಹದಿಮೂರು ವರ್ಷ ಹೇಳಿದ್ದೀರಲ್ಲ. ಅದಕ್ಕೊಂದಿನ ರಜ ಹಾಕಿ."

ಮೊದಲ ಫಾರಂ ಬೋರಣ್ಣನದು. ಮದಲೂರು ಕೆರೆಯಾಚೆಯ ಗೊಲ್ಲರ ಹಟ್ಟಿಯ ಕುರಿಗಾಹಿ. ಎರಡು ಸಲ ಗುಳಿಗೆ ಶುರು ಮಾಡಿ ಬಿಟ್ಟಿದ್ದ. ಮೂರನೆಯ ಸಲವೂ ಬಿಟ್ಟು ಮೂರು ವಾರವಾಗಿತ್ತು. ಇನ್ನೂ ತಡವಾದರೆ ಗುಳಿಗೆಯೇ ನಾಟುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಬೋರಣ್ಣನ ಅಣ್ಣ ಓಬಳಪ್ಪ ಹೀಗೇ ಬಿಟ್ಟು, ನಾಲ್ಕು ವರ್ಷದ ಹಿಂದೆ ತೀರಿಕೊಂಡಿದ್ದ.

ಮುಳ್ಳುಬೇಲಿಯಾಚೆ ಸೈಕಲ್ಲು ನಿಲ್ಲಿಸುವಷ್ಟರಲ್ಲಿ ಬೋರಣ್ಣನ ಹೆಂಡತಿ ಈರಕ್ಕ ಕೂಗಿದಳು, "ಬಂದ್ರು ನೋಡು ಗುಳಿಗೆ ಸಾಮಿ. ಬಾ, ಬೈಸ್ಕೊ!"

ಬೇಲಿಯ ಹೊರಗಿನ ಜಾಲಿಮರದ ಕೆಳಗಿದ್ದ ಬೋರಣ್ಣ ಆಗಲೇ ತಲೆ ತಗ್ಗಿಸಿದ್ದ. "ಬೇಗ ಬೈದು ಮುಗಿಸ್ಬುಡಿ ಸಾಮಿ. ಕುರಿ ನೀರಿಗೆ ಒಡ್ಕೊಂಡೋಗ್ಬೇಕು."

ರೇಣುಕಯ್ಯನಿಗೆ ಬೈಯುವ ತ್ರಾಣವೂ ಇರಲಿಲ್ಲ. ನೆರಳಲ್ಲಿ ಕೂತು ಫಾರಂ ತೆಗೆದ. "ಗುಳಿಗೆ ನುಂಗೋದ್ರಲ್ಲಿ ನಿನಗೇನು ಕಷ್ಟ?"

"ನುಂಗೋದ್ರಾಗೇನೈತೆ? ತರೋದು ಕಷ್ಟ."

ಶಿರಾ ಏನು ಮಹಾ ದೂರವೋ, ಸೋಮಾರಿ ಎನ್ನಲು ಬಾಯಿಗೆ ಬಂತು. ತಡೆದುಕೊಂಡ. "ತರೋದು ಕಷ್ಟ" ಎಂದು ಬರೆದು, ಓದಿ, ಸುಮ್ಮನಾದ.

ಆ ಸುಮ್ಮನಿರುವುದು ಬೋರಣ್ಣನಿಗೆ ಹೊಸದು. ಸ್ವಲ್ಪ ಹೊತ್ತಿಗೆ ತಾನೇ ಮಾತಾಡಿದ.

"ಆಸ್ಪತ್ರೆ ಮೆಟ್ಟಿದೋರು ತಲೆಗೆ ನೀರು ಉಯ್ಕೊಂಡೇ ಹಟ್ಟಿ ಒಳಕ್ಕೆ ಬರ್ಬೇಕು ಸಾಮಿ. ಕಂಬ್ಳೀನೂ ನೆನೀಬೇಕು. ಸಂಜೆ ಗಾಳೀಲಿ ಒದ್ದೆ ಮೈಯಾಗೆ ನಿಂತ್ರೆ ಮೂರು ದಿನ ಎದೆ ಇಡ್ಕೊಂಡ್ಬುಡ್ತದೆ. ಕೆಮ್ಮಿನ ಗುಳಿಗೆ ತರಾಕೋಗಿ ಕೆಮ್ಮು ತಂದಂಗಾಯ್ತದೆ. ಇನ್ನು ಗುಳಿಗೇನೂ ಆಸ್ಪತ್ರೇದೇ ಅಲ್ವಾ? ದೇವ್ರ ಗುಡಿ ಮುಂದೆ ದಾಟಿಸ್ಬಾರ್ದು. ಮಡ್ಲಾಗೆ ಬಚ್ಚಿಟ್ಟು ಕಳ್ಳನಂಗೆ ನುಂಗ್ಬೇಕು."

ರೇಣುಕಯ್ಯನ ಪೆನ್ನು ನಿಂತಿತು. ಹದಿಮೂರು ವರ್ಷ ಅದೇ ಬೇಲಿಗೆ ಸೈಕಲ್ಲು ಒರಗಿಸಿದ್ದ. ಒಳಗಿನ ನೇಮ ಏನೆಂದು ಒಂದು ಸಲವೂ ಕೇಳಿರಲಿಲ್ಲ. ಎಲ್ಲವನ್ನೂ ನಿಧಾನವಾಗಿ ಬರೆದ. ಮುಂದಿನ ಪ್ರಶ್ನೆ ಕೇಳಿದ, "ವಾಸಿಯಾದ್ರೆ ಏನು ಮಾಡ್ಬೇಕು ಅಂತಿದ್ದೀಯ?"

"ಕುರಿ ಜೊತೆ ನಡೀಬೇಕು. ಈಗ ನಾನು ದಿಬ್ಬ ಅತ್ತೋವತ್ಗೆ ಅವು ಆ ಕಡೆ ಇಳ್ದಿರ್ತವೆ."

ರೇಣುಕಯ್ಯ ಎಲ್ಲವನ್ನೂ ಓದಿದ. "ಕುರಿ ಜೊತೆ ನಡೀಬೇಕು. ತಣ್ಣೀರಿಂದ ಎದೆ ಹಿಡೀತದೆ. ಗುಳಿಗೆ ಹಟ್ಟಿ ಒಳಕ್ಕೆ ತರೋ ಹಂಗಿಲ್ಲ. ಸರಿಯಾ?"

ಬೋರಣ್ಣ ಕುರಿದೊಡ್ಡಿಯ ಕಡೆ ನೋಡುತ್ತಿದ್ದ. ನಿಮ್ಮಣ್ಣನ ಹಾಗೇ ಸಾಯ್ತೀಯ ಕಣೋ ಎಂಬ ಮಾತು ರೇಣುಕಯ್ಯನ ನಾಲಗೆಯ ಮೇಲೇ ಇತ್ತು. ನುಂಗಿಕೊಂಡ.

"ಕುರಿ ರೊಪ್ಪ ಹಟ್ಟಿ ಆಚೆಗೈತಲ್ಲ ಸಾಮಿ," ಎಂದ ಬೋರಣ್ಣ ಕೊನೆಗೆ. "ನೀವೇ ತಂದು ರೊಪ್ಪದ ಬಾಗ್ಲಾಗೆ ಇಟ್ರೆ, ಬೆಳಿಗ್ಗೆ ಕುರಿ ಬುಡೋವಾಗ ನುಂಗ್ಬುಡ್ತೀನಿ."

"ಇದ್ನ ಮೊದ್ಲೇ ಯೋಳಾಕೆ ಏನಾಗಿತ್ತು ನಿನಗೆ?" ಎಂದಳು ಈರಕ್ಕ.

"ಯಾರು ಕೇಳಿದ್ರು?"

ಈರಕ್ಕ ನಶ್ಯದ ಖಾಲಿ ಡಬ್ಬಿ ತಂದಳು. ರೇಣುಕಯ್ಯ ತನ್ನ ಚೀಲದಿಂದ ಏಳು ದಿನದ ಗುಳಿಗೆ ತೆಗೆದು ಅದರಲ್ಲಿ ಹಾಕಿ, ರೊಪ್ಪದ ಬಾಗಿಲಿಗೆ ನೇತುಹಾಕಿದ. ಇನ್ನು ವಾರವಾರವೂ ಇಷ್ಟು ದೂರ ತುಳಿಯಬೇಕಲ್ಲ ಎಂದು ಮಂಡಿ ನೆನಪಿಸಿತು.

ಮರುವಾರ ಡಬ್ಬಿಯಲ್ಲಿ ಮೂರು ಗುಳಿಗೆ ಉಳಿದಿದ್ದವು. ಹಳೆಯ ಬೈಗುಳ ಗಂಟಲಿಗೆ ಬಂತು. ಒಂದು ಉಸಿರು ತೆಗೆದುಕೊಂಡು ಕೇಳಿದ, "ನಾಲ್ಕು ದಿನ ನುಂಗಿದ್ದೀಯ. ಆ ನಾಲ್ಕು ದಿನ ಹೆಂಗೆ ನೆನಪಾಯ್ತು?"

"ಡಬ್ಬಿ ತಲೆಗೆ ತಗಲಿದ ದಿನ ನುಂಗ್ದೆ ಸಾಮಿ." ಬೋರಣ್ಣ ಡಬ್ಬಿ ನೋಡಿದ. ತಾನೇ ದಾರ ಬಿಚ್ಚಿ, ಮೂಗಿಗೇ ಬಡಿಯುವ ಹಾಗೆ ಕೆಳಕ್ಕೆ ಕಟ್ಟಿದ.

೧೯೮೫ರ ಕೊನೆಗೆ ಬೋರಣ್ಣನ ಕಫ ಪರೀಕ್ಷೆಯಲ್ಲಿ ರೋಗದ ಗುರುತು ಸಿಗಲಿಲ್ಲ. ಹತ್ತು ಫಾರಂಗಳ ಪೈಕಿ ಮತ್ತೆ ಗುಳಿಗೆ ಹಿಡಿದವರು ನಾಲ್ವರು, ಆರು ಮಂದಿ ಹಿಡಿಯಲಿಲ್ಲ. ರಾಜಲಕ್ಷ್ಮಮ್ಮನವರ ವರದಿ ಏನಾಯಿತೋ, ರೇಣುಕಯ್ಯನಿಗೆ ತಿಳಿಯಲಿಲ್ಲ.

ಬೋರಣ್ಣನ ಹೆಸರಿನ ಮುಂದೆ 'ವಾಸಿ' ಎಂದು ಬರೆದ ದಿನ ಅವನು ಹಳೆಯ ರಿಜಿಸ್ಟರನ್ನೂ ಕೆಳಗಿಳಿಸಿದ. ಓಬಳಪ್ಪನ ಹಾಳೆ ಹುಡುಕಿದ. ಬಿಟ್ಟ ಕಾರಣ: ಅಸಡ್ಡೆ. ತನ್ನದೇ ಅಕ್ಷರ. ಅದನ್ನು ಹೊಡೆದುಹಾಕಿ, ನಿಜವಾದದ್ದನ್ನು ಬರೆಯೋಣವೆಂದರೆ ಹೇಳುವವನು ಇರಲಿಲ್ಲ. ಕೊನೆಗೆ 'ಅಸಡ್ಡೆ'ಯನ್ನು ಹೊಡೆದು, 'ನಾನು ಕೇಳಲಿಲ್ಲ' ಎಂದು ಬರೆದ.