ಚಪರಾಸಿ ಕಾಕಾನ ತರ್ಕದ ಕ್ಲಾಸು

ಜೇವರ್ಗಿಯ ಕೋರ್ಟಿನ ಬಾಗಿಲಲ್ಲಿ ನಿಂತು ಶಿವಶರಣಪ್ಪ ಕಾಕಾ ಕಕ್ಷಿದಾರರ ಹೆಸರು ಕೂಗಿದರೆ, ದೂರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು-ಬಸಿ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರಂತೆ. ಮೂವತ್ತು ವರ್ಷ ಚಪರಾಸಿಯಾಗಿ ಹೀಗೆ ಕೂಗಿದ ಮನುಷ್ಯ, ನಿವೃತ್ತರಾದ ಮೇಲೆ ತಮ್ಮ ಮನೆಯ ಪಡಸಾಲೆಯಲ್ಲಿ ನಮ್ಮಂಥ ಡಿಗ್ರಿ ಮುಗಿಸಿದವರಿಗೆ ತರ್ಕ ಕಲಿಸುತ್ತಿದ್ದರು. ಅವರು ಓದಿದ್ದು ಏಳನೇ ಇಯತ್ತೆ.

ಅವರು ತರ್ಕ ಕಲಿತದ್ದು ಅದೇ ಬಾಗಿಲಲ್ಲಿ ನಿಂತು. ಒಳಗೆ ವಕೀಲರು ವಾದ ಮಾಡುವಾಗ ಇವರ ಒಂದು ಕಿವಿ ಸದಾ ಅತ್ತ ಕಡೆಯೇ. ಆಮೇಲೆ ಮಗಳು ಗಂಗಾಂಬಿಕಾ ನೌಕರಿ ಪರೀಕ್ಷೆಗೆ ಕೂತಾಗ, ಅವಳು ಗೈಡಿನ ಪ್ರಶ್ನೆಗಳನ್ನು ಗಟ್ಟಿಯಾಗಿ ಓದುವುದು, ಇವರು ತಲೆಬಾಗಿಲ ಕಟ್ಟೆಯ ಮೇಲೆ ಕೂತು ಉತ್ತರ ಹೇಳುವುದು ನಡೆಯಿತು. ಮಗಳಿಗೆ ಆಳಂದದ ತಾಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅವಳ ಗೆಳತಿಯರು ಬಂದು, "ನಮಗೂ ಒಂದೀಟು ಹೇಳಿಕೊಡ್ರಿ" ಎಂದರು. ಕ್ಲಾಸು ಶುರುವಾದದ್ದು ಹಾಗೆ.

ನಾನು ಕೊಳಕೂರಿನಿಂದ ಹೋಗುತ್ತಿದ್ದೆ. ಬ್ಯಾಂಕಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಲೆಕ್ಕ ಬರುತ್ತಿತ್ತು, ಭಾಷೆ ಬರುತ್ತಿತ್ತು. 'ಕೆಳಗಿನ ಯಾವ ಹೇಳಿಕೆ ಈ ವಾದವನ್ನು ಬಲಪಡಿಸುತ್ತದೆ?' ಎಂಬ ಸಾಲು ಕಂಡಾಗ ಮಾತ್ರ ಕಣ್ಣಿಗೆ ಬಿದ್ದ ಆಯ್ಕೆಗೆ ಗುರುತು ಹಾಕಿಬಿಡುತ್ತಿದ್ದೆ. ಮೊದಲ ದಿನ "ಸರ್" ಎಂದೆ.

"ಸರ ಅನಬ್ಯಾಡ. ಮೂವತ್ತು ವರ್ಷ ನಾನೇ ಬ್ಯಾರೇದವ್ರಿಗಿ ಸರ ಸರ ಅಂದು ದಣದೀನಿ. ಕಾಕಾ ಅನ್ನು," ಎಂದು ನನ್ನ ಹಳೆಯ ನೋಟ್‌ಬುಕ್ ಕಸಿದುಕೊಂಡರು.

ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು. ಶಾಲೆಯ ಮುಂದಿನ ಹೆದ್ದಾರಿಗೆ ಹಂಪ್ ಹಾಕಿದ ಮೇಲೆ ಅಪಘಾತ ಕಡಿಮೆಯಾದವು. ಆದ್ದರಿಂದ ಅಪಘಾತ ಕಡಿಮೆಯಾಗಲು ಹಂಪೇ ಕಾರಣ. ಈ ವಾದಕ್ಕೆ ಬಲ ಕೊಡುವ ಮಾತು ಯಾವುದು? ನಾನು 'ಮಕ್ಕಳ ಜೀವ ಎಲ್ಲಕ್ಕಿಂತ ಅಮೂಲ್ಯವಾದದ್ದು' ಎಂಬುದಕ್ಕೆ ಗುರುತು ಹಾಕಿದ್ದೆ.

"ಯಾಕ ಬೇ, ಇದಕ್ಕ್ಯಾಕ ಹಾಕಿದಿ?"

"ಖರೆ ಮಾತು ಅದರೀ ಕಾಕಾ."

"ಸೂರ್ಯ ಮೂಡಲದಾಗ ಹುಟ್ಟತಾನ ಅನ್ನೂದೂ ಖರೆ ಅದ. ಅದಕ್ಕೂ ಹಾಕ್ತಿ ಏನು? ಈಗ ನೀ ಎದುರಿನ ವಕೀಲ ಅಂತ ತಿಳಿ. ಹಂಪ್‌ನಿಂದ ಅಲ್ಲ ಅಂತ ನೀ ಹೇಳಬೇಕಾಗ್ಯದ. ಏನಂತ ಹೇಳ್ತಿ?"

ಸ್ವಲ್ಪ ಯೋಚಿಸಿದೆ. "ಬ್ಯಾರೆ ರಸ್ತಾ ಆಗಿ, ಈ ಕಡಿ ಗಾಡಿನೇ ಕಡಿಮಿ ಆಗಿರಬೌದ್ರಿ."

"ಹಾಂ! ಆ ಸಂದಿ ಮುಚ್ಚು."

ಮೂರನೆಯ ಆಯ್ಕೆ ನೋಡಿದೆ. 'ಹಂಪ್ ಹಾಕುವ ಮೊದಲು ಮತ್ತು ನಂತರ ಆ ರಸ್ತೆಯಲ್ಲಿ ಓಡಾಡುವ ವಾಹನಗಳ ಸಂಖ್ಯೆ ಒಂದೇ ಇತ್ತು.' ಎರಡು ವರ್ಷ ನನ್ನ ಕಣ್ಣೆದುರೇ ಬಿದ್ದಿದ್ದ ಉತ್ತರ.

"ಬಲ ಕೊಡೂದಂದ್ರ ಹೊಗಳೂದಲ್ಲ," ಎಂದರು ಕಾಕಾ. "ಎದುರಿನವ ಎಲ್ಲಿಂದ ನುಗ್ಗತಾನೋ ಅಲ್ಲಿ ಕಲ್ಲು ಇಡೂದು. ಅದಕ್ಕ ಮೊದಲ ಎದುರಿನವನ ತಲಿ ನಿನಗ ಇರಬೇಕು."

ಆ ತಲೆ ಅವರಿಗೆ ಧಾರಾಳವಾಗಿತ್ತು. ಆ ವರ್ಷ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ಶುರುವಾಯಿತು. "ಎರಡು ಸಲ ಫೇಲಾದಾಕಿ ಮೂರನೇ ಸಲಾನೂ ಫೇಲೇ. ಕ್ಲಾಸು ಸಾಕು," ಎಂದು ಅಪ್ಪ ತೀರ್ಪು ಕೊಟ್ಟರು. ನಾನು ನಾಲ್ಕು ದಿನ ಕ್ಲಾಸಿಗೆ ಹೋಗಲಿಲ್ಲ. ಐದನೆಯ ದಿನ ಕಾಕಾ ಬಸ್ಸಿಳಿದು, ಬಿಳಿ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತ ನಮ್ಮ ಅಂಗಳಕ್ಕೇ ಬಂದರು. ಜಗಳವಾಗುತ್ತದೆಂದು ಅವ್ವ ಹೆದರಿ, ಕೇಳದೆಯೇ ಚಹಾಕ್ಕಿಟ್ಟಳು.

"ಶರಣ್ರೀ ಯಜಮಾನ್ರ. ನಿಮ್ಮ ಮಾತಿಗಿ ಬಲ ಕೊಡಲಿಕ್ಕೇ ಬಂದೀನ್ರಿ," ಎಂದರು ಕಾಕಾ.

ಅಪ್ಪನಿಗೆ ಖುಷಿಯಾಯಿತು. "ಹೇಳ್ರಿ ಮತ್ತ, ನೀವರೆ ತಿಳಿಸಿ ಹೇಳ್ರಿ ಆಕಿಗಿ."

"ಎರಡು ಸಲ ಫೇಲಾಗ್ಯಾಳ ಅನ್ನೂದೊಂದೇ ನಿಮ್ಮ ಮಾತಿಗಿ ಸಾಲಂಗಿಲ್ಲರಿ. ಮೊದಲನೇ ಸಲಕ್ಕಿಂತ ಎರಡನೇ ಸಲ ಕಡಿಮಿ ಮಾರ್ಕ್ಸ್ ಬಂದಾವ ಅಂತಾದ್ರ ನಿಮ್ಮ ಮಾತು ಕಲ್ಲಿನಂಗ ನಿಲ್ಲತದ. ಹಂಗಿದ್ರ ನಾನೇ ನಿಂತು ಮದಿವಿ ಮಾಡಸ್ತೇನಿ. ತರಸ್ರಿ ಎರಡೂ ಮಾರ್ಕ್ಸ್ ಕಾಗದ."

ನಾನು ತಂದೆ. ಪಾಸಾಗಲು ಮೊದಲ ಸಲ ಹದಿನಾಲ್ಕು ಅಂಕ ಕಡಿಮೆ ಬಿದ್ದಿತ್ತು, ಎರಡನೆಯ ಸಲ ನಾಲ್ಕೇ. ಅಪ್ಪ ಎರಡೂ ಕಾಗದವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಇದನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ನನ್ನ ಮಟ್ಟಿಗೂ ಎರಡೂ ಬರೀ ಫೇಲೇ ಆಗಿದ್ದವು. ಕಾಗದ ಮಡಚಿ ನನ್ನ ಕೈಗೆ ಕೊಡುತ್ತ ಅಪ್ಪ, "ಒಂದೇ ವರ್ಷ ನೋಡ್ರಿ ಮತ್ತ," ಎಂದರು. "ಒಂದ ಸಾಕ್ರಿ," ಎಂದು ಕಾಕಾ ಚಹಾ ಸೊರ್ರನೆ ಕುಡಿದರು.

ನಮ್ಮ ತಾಲೂಕಿನ ಆಚೆ ಒಂದು ಕಾಲೇಜಿದೆ, ಹೆಸರು ಬೇಡ. ಅಲ್ಲಿನ ವಿದ್ಯಾರ್ಥಿಗಳು ಸ್ಪರ್ಧಾತ್ಮಕ ಪರೀಕ್ಷೆಯ ಶಿಬಿರ ಮಾಡಿ ಕಾಕಾನನ್ನು ಕರೆದರು. ಕರಪತ್ರದಲ್ಲಿ ಹೆಸರೂ ಹಾಕಿದ್ದರು. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ನಾನು ಮತ್ತು ನಮ್ಮ ಕ್ಲಾಸಿನ ನೆಲೋಗಿಯ ಮಹಾನಂದಾ ಜೊತೆಗೆ ಹೋದೆವು. ಶಿಬಿರಕ್ಕೆ ಹೆಸರು ಬರೆಸಿದ್ದ ಮಹಾನಂದಾಳನ್ನು ಒಳಗೆ ಬಿಟ್ಟ ಕಾವಲುಗಾರ, ಕಾಕಾನನ್ನೂ ನನ್ನನ್ನೂ ಗೇಟಿನಲ್ಲೇ ತಡೆದ. ಪ್ರಾಚಾರ್ಯರೇ ಬಂದರು.

"ನೋಡ್ರಿ, ನೀವು ದೊಡ್ಡವರಿದ್ದೀರಿ. ಬೇಕಾದ್ರ ಹಿಂದಿನ ಸಾಲಿನ್ಯಾಗ ಕೂಡ್ರಿ. ವೇದಿಕಿ ಮ್ಯಾಲ ಆಗೂದಿಲ್ಲ. ಡಿಗ್ರಿ ಇಲ್ಲದವ್ರು ಡಿಗ್ರಿ ಮಕ್ಕಳಿಗಿ ಏನು ಕಲಸ್ತಾರ?"

ನಾನು ಜಗಳಕ್ಕೆ ಬಾಯಿ ತೆರೆದೆ. ಕಾಕಾ ನನ್ನ ಮುಂದೆ ಕೈ ಅಡ್ಡ ಹಿಡಿದರು. "ಚೊಲೊ ಪ್ರಶ್ನೆ ಕೇಳೀರಿ ಸರ. ಇವತ್ತು ಇದನ್ನೇ ಬಿಡಸೂಣು," ಎಂದರು. ಗೇಟು ಮುಚ್ಚಿತು. ಅವರು ವಾಪಸು ಹೊರಡಲಿಲ್ಲ. ಗೇಟಿನ ಸರಳು ಹಿಡಿದು, ಕೋರ್ಟಿನಲ್ಲಿ ಹೆಸರು ಕೂಗುತ್ತಿದ್ದ ಅದೇ ಧಾಟಿಯಲ್ಲಿ ಕೂಗಿದರು:

"ಶಿವಶರಣಪ್ಪಗ ಡಿಗ್ರಿ ಇಲ್ಲ! ಅದಕ್ಕ ಅವ ಡಿಗ್ರಿ ಮಕ್ಕಳಿಗಿ ಕಲಸಲಾರ! ಈ ವಾದಕ್ಕ ಯಾವ ಮಾತು ಬಲ ಕೊಡತದ, ಬಂದು ಹೇಳ್ರಿ!"

ಸಭಾಂಗಣದಲ್ಲಿ ಕೂತವರು ಎದ್ದು ಗೇಟಿನ ಕಡೆಗೆ ಬಂದರು. ಹಿಂದೆ ನಿಂತ ಒಬ್ಬ, "ವಾದಾನೇ ಸುಳ್ಳದರಿ ಕಾಕಾ!" ಎಂದ.

"ಸುಳ್ಳೋ ಖರೆನೋ ಯಾರು ಕೇಳ್ಯಾರಲೇ? ಬಲ ಕೊಡು ಅಂದೀನಿ. ಪ್ರಾಚಾರ್ಯರ ಕಡಿಲಿಂದ ನಿಂತು ಹೇಳು."

"ಗೈಡ್ ಬರದವ್ರೆಲ್ಲ ಡಿಗ್ರಿ ಆದವ್ರೇ ಅದಾರ್ರಿ," ಎಂದ ಇನ್ನೊಬ್ಬ.

"ಬರಿಯೂದು ಬ್ಯಾರೆ, ಕಲಸೂದು ಬ್ಯಾರೆ. ಮುಂದ!"

ಆಗ ಮಹಾನಂದಾ ಒಳಗಿನಿಂದ ಸರಳಿನ ಹತ್ತಿರ ಬಂದು ನಿಂತಳು. "ಶಿವಶರಣಪ್ಪನ ಹಂತ್ಯಾಕ ಕಲತವ್ರು, ಡಿಗ್ರಿ ಆದವ್ರ ಹಂತ್ಯಾಕ ಕಲತವ್ರಿಗಿಂತ ಜಾಸ್ತಿ ಫೇಲಾಗ್ಯಾರ ಅಂತಾದ್ರ... ಬಲ ಬರತದರಿ."

"ಶಬಾಷ್!" ಎಂದು ಕಾಕಾ ಸರಳಿನೊಳಗೆ ಕೈ ಚಾಚಿ ಅವಳ ತಲೆ ಮುಟ್ಟಿದರು. ಆಮೇಲೆ ಪ್ರಾಚಾರ್ಯರ ಕಡೆ ತಿರುಗಿದರು. "ಸರ, ನಿಮ್ಮ ವಾದಕ್ಕ ಬೇಕಾದದ್ದು ಇದೊಂದೇ ಪುರಾವೆ. ತಂದು ಕೊಡ್ರಿ. ನಾಳಿ ಮುಂಜಾನಿ ನನ್ನ ಕ್ಲಾಸು ನಾನೇ ಬಂದ್ ಮಾಡ್ತೇನಿ."

ಪ್ರಾಚಾರ್ಯರು ಒಳಗೆ ಹೋದರು. ಗೇಟು ಕೊನೆವರೆಗೂ ತೆರೆಯಲಿಲ್ಲ. ಕ್ಲಾಸು ಮಾತ್ರ ಒಂದೂವರೆ ತಾಸು ನಡೆಯಿತು, ವಿದ್ಯಾರ್ಥಿಗಳು ಒಳಗೆ, ಕಾಕಾ ಹೊರಗೆ, ಬಿಸಿಲಲ್ಲಿ. ವಾಪಸು ಬರುವಾಗ ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. "ಸಿಟ್ಟು ಬರಲಿಲ್ಲೇನ್ರಿ ಕಾಕಾ?" ಎಂದು ಕೇಳಿದೆ. "ಬಂತು. ಮೈಯೆಲ್ಲ ಉರೀತು. ಅದಕ್ಕೇ ಅಷ್ಟು ಜೋರಾಗಿ ಒದರೀನಿ," ಎಂದರು.

ಮೂರನೆಯ ಸಲ ನಾನು ಪಾಸಾದೆ. ಅಫಜಲಪುರದ ಶಾಖೆಗೆ ಆದೇಶ ಬಂತು. ಪೇಢೆ ತೆಗೆದುಕೊಂಡು ಕಾಕಾನ ಮನೆಗೆ ಹೋದಾಗ, ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಮಾತು ಎತ್ತಿದೆ. ವಯಸ್ಸಾದವರಿಗೂ ಮನೆಯಲ್ಲೇ ಕೂತು ಪದವಿ ಮಾಡುವ ದಾರಿ ಇದೆ. ಅರ್ಜಿ ನಾನೇ ತುಂಬುತ್ತೇನೆ. ಗೇಟು ಹಾಕಿದವರ ಬಾಯಿ ಮುಚ್ಚುತ್ತದೆ ಎಂದೆ.

ಕಾಕಾ ಪೇಢೆ ತಿನ್ನುತ್ತಿದ್ದವರು ನಿಲ್ಲಿಸಿದರು. "ಇಷ್ಟು ಕಲತು ಇದೇ ತಿಳಕೊಂಡಿ ಏನು? ನಾ ಡಿಗ್ರಿ ತಗೊಂಡೆ ಅಂದ್ರ ಯಾರ ವಾದಕ್ಕ ಬಲ ಬರತದ ಬೇ?"

ಉತ್ತರವನ್ನೂ ಅವರೇ ಹೇಳಿದರು.

"ಅವ್ರ ವಾದಕ್ಕ. 'ನೋಡ್ರಿ, ಡಿಗ್ರಿ ತಗೊಂಡ, ಅದಕ್ಕೇ ಕಲಸಲಿಕ್ಕಿ ಬಂತು' ಅಂತಾರ. ಇಷ್ಟು ವರ್ಷ ಈ ಪಡಸಾಲಿ ಒಳಗ ಕೂತು ಪಾಸಾದ ಹುಡುಗ್ಯಾರದು ಏನು ಉಳೀತು? ನಾ ಚಪರಾಸಿ ಆಗಿ ಕಲಸೀನಿ, ಚಪರಾಸಿ ಆಗೇ ಸಾಯ್ತೇನಿ. ಹೋಗು, ನೌಕ್ರಿ ನೆಟ್ಟಗ ಮಾಡು."

ನಾನು ಅವರನ್ನು ಕಂಡದ್ದು ಅದೇ ಕಡೆಯದು. ಎಂಟು ತಿಂಗಳ ನಂತರ ಒಂದು ಮಧ್ಯಾಹ್ನ ಶಾಖೆಗೆ ಮಹಾನಂದಾಳ ಫೋನು ಬಂತು: ಕಾಕಾ ಲಿಂಗೈಕ್ಯರಾದರು, ಕೂತಲ್ಲೇ ಎದೆನೋವು ಬಂದಿತ್ತು. ರಜೆ ಬರೆದುಕೊಟ್ಟು ಹೊರಟೆ. ದಾರಿಯಲ್ಲೇ ಜೇವರ್ಗಿಯ ಅಂಗಡಿಯೊಂದಕ್ಕೆ ಫೋನಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಲು ಹೇಳಿದೆ. ಹೆಸರಿನ ಹಿಂದೆ ಏನು ಹಾಕಲಿ ಎಂದು ಅಂಗಡಿಯವ ಕೇಳಿದ. ಇಷ್ಟು ಜನಕ್ಕೆ ಕಲಿಸಿದ ಮನುಷ್ಯನಿಗೆ ಈ ಲೋಕ ಒಂದು ಗೌರವವನ್ನಾದರೂ ಕೊಡಲಿ ಅನ್ನಿಸಿತು. "ಪ್ರೊಫೆಸರ್ ಅಂತ ಹಾಕ್ರಿ," ಎಂದೆ.

ನಾನು ಮುಟ್ಟುವಷ್ಟರಲ್ಲಿ ಅದು ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿಯಾಗಿತ್ತು. ಆಳಂದದಿಂದ ಬಂದಿದ್ದ ಗಂಗಾಂಬಿಕಾ ಅಕ್ಕ ಅದರ ಕೆಳಗೆ ನಿಂತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಇದು ಯಾರು ಬರಸಿದ್ರು?"

"ನಾನ್ರೀ ಅಕ್ಕಾ. ಪ್ರೀತಿಲಿಂದ..."

"ಪ್ರೀತಿ ಅದ, ತಿಳೀತದ. ಬದುಕಿದ್ದಾಗ ಬ್ಯಾಡ ಅಂದದ್ದು, ಸತ್ತ ಮ್ಯಾಲ ಅಪ್ಪನ ಕೊಳ್ಳಾಗ ಕಟ್ಟತೀ ಏನು?"

ಅವಳು ಒಳಗೆ ಹೋಗಿ ಗೋಡೆಗೆ ಬಳಿದು ಉಳಿದಿದ್ದ ಬಿಳಿ ಬಣ್ಣದ ಡಬ್ಬಿ, ಕಪ್ಪು ಬಣ್ಣ, ಒಂದು ಕುಂಚ ತಂದು ನನ್ನ ಕೈಗೇ ಕೊಟ್ಟಳು. ಮಹಾನಂದಾ ಸ್ಟೂಲು ಹಿಡಿದಳು. ಹತ್ತಿ, 'ಪ್ರೊಫೆಸರ್' ಎಂಬ ಪದದ ಮೇಲೆ ಬಿಳಿ ಬಳಿದೆ. ಸಾವಿಗೆ ಬಂದ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಅಂದು ಗೇಟು ಹಾಕಿದ್ದ ಕಾಲೇಜಿನ ಇಬ್ಬರು ಅಧ್ಯಾಪಕರೂ ಮಾಲೆ ಹಿಡಿದು ನಿಂತಿದ್ದರು. ಅವರಲ್ಲೊಬ್ಬರು, "ಇರಲಿ ಬಿಡ್ರಿ, ಅದೇ ಚೆಂದ ಕಾಣತಿತ್ತು," ಎಂದರು.

"ಇಲ್ಲರೀ ಸರ," ಎಂದೆ. ಬಿಳಿ ಒಣಗುವವರೆಗೆ ಸ್ಟೂಲಿನ ಮೇಲೇ ನಿಂತಿದ್ದೆ. ಆಮೇಲೆ ಕುಂಚವನ್ನು ಕಪ್ಪಿನಲ್ಲಿ ಅದ್ದಿ, ಜಾಗ ಹಿಡಿದಷ್ಟು ದೊಡ್ಡ ಅಕ್ಷರದಲ್ಲಿ 'ಚಪರಾಸಿ' ಎಂದು ಬರೆದೆ.