ಗಡಿ ಕಣಿವೆಯ ಕೊಳದಲ್ಲಿ ಒಂದು ಸ್ನಾನ

ನಾನು ಚಿಕ್ಕವನಿದ್ದಾಗ ನಿಜಕ್ಕೂ ಚಿಕ್ಕವನೇ. ಎಂಟು ತುಂಬಿದ್ದರೂ ಐದರವನ ಹಾಗೆ ಕಾಣುತ್ತಿದ್ದೆ. ಅಕ್ಕ 'ಅರ್ಧ ಟಿಕೆಟ್' ಎಂದು ಕರೆದು ಗೋಳುಹೊಯ್ದುಕೊಳ್ಳುತ್ತಿದ್ದಳು. ಆ ಗಿಡ್ಡತನವೇ ನನ್ನನ್ನು ಉಳಿಸಿತು. ಅಕ್ಕ ಉಳಿಯಲಿಲ್ಲ. ಮಕ್ಕಳಿಗೆ ಹೇಳುವ ವಿಷಯವೇ ಇದು ಎಂದು, ಮೊಮ್ಮಕ್ಕಳೇ, ನಿಮ್ಮಮ್ಮ ಮುಖ ಗಂಟಿಕ್ಕುತ್ತಾಳೆ, ಇರಲಿ.

ಅಪ್ಪ ಮೈಸೂರಿನ ಕಡೆಯ ವಿದ್ಯುತ್ ಎಂಜಿನಿಯರ್. ಟರ್ಬೈನ್ ಕೆಲಸ ಕಲಿಯಲು ಅವರನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದಾಗ ನಾವೂ ಜೊತೆಗೆ ಹೋದೆವು. ಬೇಸಿಗೆ ಮುಗಿಯುತ್ತಿದ್ದ ಒಂದು ಭಾನುವಾರ ಅಪ್ಪ ನಮ್ಮನ್ನು ಬಸ್ಸಿನಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಕಣಿವೆದಾರಿಗೆ ಕರೆದೊಯ್ದರು. ಆಲ್ಪ್ಸ್ ಬೆಟ್ಟಸಾಲು ಅಲ್ಲಿ ಸ್ವಲ್ಪ ತಗ್ಗುತ್ತದೆ. ತಗ್ಗು ಎಂದರೂ ಎಂಟು ಸಾವಿರ ಅಡಿ ಎತ್ತರ! ಈ ಕಡೆ ಸ್ವಿಟ್ಜರ್ಲೆಂಡ್, ಆ ಕಡೆ ಇಟಲಿ. ನಡುವೆ ಕಪ್ಪು ನೀರಿನ ಕೊಳ, ಅದರ ತುದಿಯಲ್ಲಿ ಗಡಿಕಲ್ಲು. ಮರವೆಂಬುದೇ ಇಲ್ಲ. ಗಾಳಿಗೆ ಒದ್ದೆ ಕಲ್ಲಿನ ವಾಸನೆಯಿತ್ತು.

ಅಪ್ಪ ಉತ್ಸಾಹದಿಂದ ಕೈ ಬೀಸಿ ಬೀಸಿ ವಿವರಿಸಿದರು. ರೋಮನ್ನರು ಬಂಡೆ ಕಡಿದು ಮಾಡಿದ ರಸ್ತೆ ಅಲ್ಲಿತ್ತು. ಸಿಡಿಲಿನ ದೇವರಿಗೆ ಅವರು ಗುಡಿಯನ್ನೂ ಕಟ್ಟಿದ್ದರಂತೆ. ಫ್ರಾನ್ಸಿನ ಸೇನಾಪತಿಯೊಬ್ಬ ಮರದ ದಿಮ್ಮಿ ಕೊರೆದು, ಅದರೊಳಗೆ ಫಿರಂಗಿ ಇಟ್ಟು, ಹಿಮದ ಮೇಲೆ ಸೈನಿಕರಿಂದ ಎಳೆಸಿದ್ದನಂತೆ. ದಾಟುವವರು ಹಿಮದಲ್ಲಿ ಸಾಯುತ್ತಿದ್ದುದರಿಂದ ಪಾದ್ರಿಗಳು ಅಲ್ಲೊಂದು ಮಠ ಕಟ್ಟಿ, ನಾಯಿಗಳನ್ನು ಸಾಕಿ, ದಾರಿ ತಪ್ಪಿದವರನ್ನು ಹುಡುಕಿ ತರುತ್ತಿದ್ದರು.

ಮಠದ ಪಕ್ಕದಲ್ಲಿ ಒಂದು ಸಣ್ಣ ಕಲ್ಲುಮನೆ. ಅದರ ಕಿಟಕಿಯಲ್ಲಿ ಅಕ್ಕ ಇಣುಕಿದಳು. ಏನೇ ಅದು ಎಂದು ಅಮ್ಮನೂ ಇಣುಕಿದಳು. ನಾನು ಎಗರಿ ಎಗರಿ ನೋಡಿದೆ, ಎಟುಕಲಿಲ್ಲ. ಒಳಗೆ ಇದ್ದುದು ಹೆಣಗಳು. ಬಂಡೆಯಲ್ಲಿ ಗುಂಡಿ ತೋಡಲಾಗದೆ, ನೆಂಟರು ಬಂದು ಗುರುತಿಸಲಿ ಎಂದು ಹಿಂದಿನವರು ಅಲ್ಲಿಟ್ಟಿದ್ದರು. ಚಳಿಗೆ ಕೊಳೆಯದೆ ಒಣಗಿ ನಿಂತಿದ್ದವಂತೆ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಠದೊಳಗೆ ನಮಗಾಗಿ ಬಿಸಿ ಸೂಪು ಕಾಯುತ್ತಿತ್ತು. ಅಮ್ಮ ಹೊಸ್ತಿಲು ದಾಟಲು ಒಪ್ಪಲಿಲ್ಲ.

"ಹೆಣ ನೋಡಿ ಸ್ನಾನ ಮಾಡದೆ ಒಳಗೆ ಹೋಗೋದಾ? ಊಟ ಮಾಡೋದಾ?"

"ಇದೇನು ಮೈಸೂರು ಅಂದ್ಕೊಂಡ್ಯಾ? ಒಳಗೆ ಬಿಸಿನೀರು ಕೇಳೋಣ ಬಾರೆ," ಅಂದರು ಅಪ್ಪ.

"ಮೈಲಿಗೇಲಿ ಒಳಗೆ ಕಾಲಿಡಲ್ಲ. ಯಾವ ದೇಶ ಆದ್ರೇನು?"

ಅಪ್ಪ ಗೊಣಗುತ್ತಲೇ ಹಿಂದೆ ಬಂದರು. ಕೊಳದ ದಡದಲ್ಲಿ ಅಮ್ಮ ಚೀಲದಿಂದ ಚೊಂಬು ತೆಗೆದು ಬಟ್ಟೆಯ ಮೇಲೆಯೇ ಮೂರು ಸಲ ನೀರು ಸುರಿದುಕೊಂಡಳು, ಅಕ್ಕನ ತಲೆಗೂ ಸುರಿದಳು. ಅಕ್ಕನಿಗೆ ಉಸಿರು ಸಿಕ್ಕಿಕೊಂಡಿತು, ಕಿರುಚಲೂ ಆಗಲಿಲ್ಲ. ನಾನು ಕೋಟು ಬಿಚ್ಚತೊಡಗಿದೆ. "ನೀನು ನೋಡಿಲ್ವಲ್ಲ, ನಿಂಗೆ ಬೇಡ," ಅಂದಳು ಅಮ್ಮ.

ಅಷ್ಟರಲ್ಲಿ ಮಂಜು ಬಂತು. ಇಷ್ಟಿಷ್ಟಾಗಿ ಅಲ್ಲ, ಒಮ್ಮೆಲೇ. ಹತ್ತಿರದಲ್ಲೇ ಇದ್ದ ಮಠ ಕಾಣದಾಯಿತು. ಗಾಳಿಯ ಜೊತೆ ಹಿಮ ಬೀಳತೊಡಗಿತು. ದಾರಿ ತೋರಿಸಲು ಪಾದ್ರಿಗಳು ಗಂಟೆ ಬಾರಿಸುತ್ತಿದ್ದರು, ಆದರೆ ಸದ್ದು ಎಲ್ಲ ದಿಕ್ಕಿನಿಂದಲೂ ಬಂದಂತಾಗುತ್ತಿತ್ತು. ಅಪ್ಪ ತಮ್ಮ ಕೋಟನ್ನು ಅಕ್ಕನಿಗೆ ಹೊದಿಸಿ ಎತ್ತಿಕೊಂಡು ನಡೆದರು. ಗಡಿಕಲ್ಲು ಕಾಲಿಗೆ ತಗುಲಿದಾಗಲೇ ನಾವು ತಿರುಗುಮುರುಗಾಗಿ ಇಟಲಿಯ ಕಡೆ ಹೋಗುತ್ತಿದ್ದೇವೆಂದು ತಿಳಿದದ್ದು. ಅಕ್ಕನ ಒದ್ದೆ ಜಡೆ ಕಡ್ಡಿಯ ಹಾಗೆ ಸೆಟೆದಿತ್ತು. ಅವಳ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

"ನಡುಕ ನಿಂತಿತು ಕಣ್ರೀ. ದೇವರು ದೊಡ್ಡವನು, ಸರಿಹೋದಳು," ಅಂದಳು ಅಮ್ಮ.

ನಾಯಿಯೊಂದು ನಮ್ಮನ್ನು ಹುಡುಕಿತು, ಹಿಂದೆಯೇ ಒಬ್ಬ ಮುದಿ ಪಾದ್ರಿ ಬಂದರು. ಅಕ್ಕನ ಕೆನ್ನೆ ಮುಟ್ಟಿದ ಕೂಡಲೇ ಅವರ ಮುಖ ಇಳಿದುಹೋಯಿತು. ಮಠಕ್ಕೆ ಕರೆದೊಯ್ದು, ಒಲೆಯ ಮುಂದೆ ಕಂಬಳಿ ಸುತ್ತಿ, ಪಾದ ತಿಕ್ಕಿ, ಅವರು ಮಾಡದ ಉಪಚಾರವಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಕ್ಕ ಹೋಗಿಬಿಟ್ಟಿದ್ದಳು. ಚಳಿಯಲ್ಲಿ ನಡುಕ ನಿಲ್ಲುವುದು ಸರಿಹೋದ ಲಕ್ಷಣವಲ್ಲವೆಂದು ನಾನು ಡಾಕ್ಟರಿಕೆ ಓದಿದ ಮೇಲೆ ತಿಳಿಯಿತು. ಅಮ್ಮನಿಗೆ ಅದನ್ನು ಹೇಳಲಿಲ್ಲ. ಅವಳ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಆಮೇಲೆ ಬರೀ ಅಯ್ಯೋ ಅನ್ನಿಸತೊಡಗಿತು.

ಈಗ ಆ ಬೆಟ್ಟದ ಕೆಳಗೆ ಸುರಂಗವಿದೆ, ಕಾರುಗಳು ಹಾಡು ಹಾಕಿಕೊಂಡು ದೇಶ ದಾಟುತ್ತವೆ. ನಿಮ್ಮ ಟೆಕ್ಸಸ್ಸಿನಲ್ಲಿ ಎಷ್ಟು ಡ್ರೈವ್ ಮಾಡಿದರೂ ನೆಲ ಚಪ್ಪಟೆ. ಮನೆಯೊಳಗಿನ ಚಳಿ ಕೂಡ ನೀವು ಗುಂಡಿ ಒತ್ತಿದಷ್ಟೇ. ಹೋದ ವಾರ ಸೈಪ್ರೆಸ್ ಎಂಬ ಊರಿನ ಅಂಕಲ್ ತೀರಿಕೊಂಡಾಗ ಕಂಪ್ಯೂಟರಿನಿಂದ ಮ್ಯಾಪ್ ಪ್ರಿಂಟ್ ಮಾಡಿಕೊಂಡು ಹೋಗಿ, ಅವರ ಮುಖ ನೋಡಿ ಸೀಡರ್ ಪಾರ್ಕಿನ ನಮ್ಮ ಮನೆಗೆ ಮರಳಿದೆವು. ಗರಾಜಿನಲ್ಲೇ ನಿಮ್ಮಮ್ಮ, "ಏನೂ ಮುಟ್ಟಬೇಡಿ, ಸೀದಾ ಶವರ್‌ಗೆ ಹೋಗಿ," ಅಂದಳು. ನಾನು ಎಲ್ಲರಿಗಿಂತ ಮೊದಲು ಬಾತ್‌ರೂಮಿಗೆ ನುಗ್ಗಿ, ನೀರು ಬಿಸಿಯಾಗುವವರೆಗೂ ಕೈಯಿಟ್ಟು ನಿಂತೆ. ನಿಮ್ಮಲ್ಲಿ ದೊಡ್ಡವಳು ಟವೆಲ್ ಹಿಡಿದು ಬಾಗಿಲಲ್ಲಿ ನಕ್ಕಳು. ಅವಳಿಗೀಗ ಅಂದಿನ ಅಕ್ಕನ ವಯಸ್ಸು.

"ತಾತಾ, ಇಟ್ಸ್ ಜಸ್ಟ್ ಎ ಶವರ್!"

"ಹೌದು ಪುಟ್ಟಾ," ಅಂದೆ. "ಅಷ್ಟೇ ಆಗಿರಬೇಕಿತ್ತು."